ಅಕ್ಕ ಕೇಳಿದ ಕೆಂಪು ಕೋಳಿ

ಚಾಪೆ ಹೆಣೆಯುವ ಕೈ ನಿಲ್ಲಿಸಬೇಡಿ, ಹೆಣೆಯುತ್ತಲೇ ಕೇಳಿ. ಕೋಳಿ ಸಾಕಿದವರ ಪಾಡು ನಿಮಗೂ ಗೊತ್ತು. ಮರಿಗಳನ್ನು ಊರ ಹಂದಿ ನುಂಗುತ್ತದೆ, ಹುಂಜ ಹೊತ್ತಿಲ್ಲದ ಹೊತ್ತಿನಲ್ಲಿ ಕೂಗುತ್ತದೆ. ಕಾಳು ನಮ್ಮ ಮನೆಯಲ್ಲಿ ತಿಂದ ಕೋಳಿ ಮೊಟ್ಟೆಯನ್ನು ಮಾತ್ರ ಪಕ್ಕದವರ ಬೇಲಿಯಲ್ಲಿ ಇಟ್ಟು ಬರುತ್ತದೆ. ನಮ್ಮೂರಿನ ಲೆಸಿಯೇಲಿ ಮತ್ತು ಸೇಲಾಳ ನಡುವೆ ಕಿಚ್ಚು ಹೊತ್ತಿಕೊಂಡದ್ದು ಹೀಗೆಯೇ.

ಲೆಸಿಯೇಲಿ ಸೈಮೋನೆಯ ಅಕ್ಕ, ಸೇಲಾ ಅವನ ಹೆಂಡತಿ. ಎರಡೂ ಮನೆಗಳ ನಡುವೆ ಇರುವುದು ಒಂದು ದಾಸವಾಳದ ಬೇಲಿ ಅಷ್ಟೇ. ನನ್ನ ಮನೆ ಎದುರಿಗೇ ಇದೆ. ಹಾಗಾಗಿ ನೋಡಬಾರದು ಅಂದರೂ ಕಾಣುತ್ತದೆ, ಕೇಳಬಾರದು ಅಂದರೂ ಕೇಳಿಸುತ್ತದೆ.

ಲೆಸಿಯೇಲಿಯನ್ನು ಮದುವೆ ಮಾಡಿ ಕೊಟ್ಟದ್ದು ದೂರದ ಪುಟ್ಟ ದ್ವೀಪಕ್ಕೆ. ಆಗ ಅವಳ ತಾಯಿ ಒಂದು ಜೊತೆ ಚುಕ್ಕೆ ಕೋಳಿ ಕೊಟ್ಟು ಕಳಿಸಿದ್ದಳು. ದೊಡ್ಡ ಅಲೆ ಬಂದು ದ್ವೀಪದ ಮನೆ ಹೋಯಿತು. ಲೆಸಿಯೇಲಿ ದೋಣಿಯಲ್ಲಿ ತವರೂರಿಗೆ ಬಂದಿಳಿದಾಗ ಅವಳ ಕೈಯಲ್ಲಿದ್ದದ್ದು ಒಂದು ಬುಟ್ಟಿ, ಅದರಲ್ಲಿ ಅದೇ ತಳಿಯ ಕೋಳಿಗಳು. ‘ಅಮ್ಮನ ಕೋಳಿ’ ಎಂದೇ ಅವಳು ಕರೆಯುತ್ತಾಳೆ. ತಾಯಿ ಈಗಿಲ್ಲ. ಅವಳದ್ದು ಎಂದು ಉಳಿದದ್ದು ಅದೊಂದೇ.

ಅಷ್ಟಿದ್ದೂ ಲೆಸಿಯೇಲಿಯ ಕಣ್ಣು ಸೇಲಾಳ ಅಂಗಳದ ಮೇಲೇ ಇರುತ್ತಿತ್ತು. ಸಂಜೆ ಸೇಲಾ ತೆಂಗಿನಕಾಯಿ ತುರಿಯುವ ಸದ್ದು ಕೇಳಿದರೆ ಸಾಕು, ಕೋಳಿಗಳೆಲ್ಲ ಓಡಿ ಬರುತ್ತಿದ್ದವು, ಅಮ್ಮನ ಕೋಳಿಗಳೂ ಬೇಲಿ ನುಸುಳುತ್ತಿದ್ದವು. ಒಂದು ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ ಪಾದ್ರಿಯ ಹೆಂಡತಿ, “ಸೇಲಾ, ನಿನ್ನ ಮನೆ ಮೊಟ್ಟೆ ತಿಂದ್ಮೇಲೆ ಬೇರೆ ಯಾರದ್ದೂ ರುಚಿ ಹತ್ತಲ್ಲ ಕಣೇ” ಎಂದುಬಿಟ್ಟರು. ಪಕ್ಕದಲ್ಲಿದ್ದ ಲೆಸಿಯೇಲಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು.

ದಾರಿಯುದ್ದಕ್ಕೂ ನನ್ನ ಕಿವಿ ತಿಂದಳು. “ನನ್ ಕೋಳಿ ಅವಳ ಬೇಲೀಲಿ ಮೊಟ್ಟೆ ಇಡುತ್ತೆ. ಅವಳು ಅದನ್ನ ಪಾದ್ರಿ ಮನೆಗೆ ಕೊಟ್ಟು ಹೆಸರು ತಗೋತಾಳೆ. ನಾನೇನು ಕುರುಡಿನಾ?”

“ಕೇಳಿದ್ಯಾ ಅವಳನ್ನ?” ಎಂದೆ.

“ನಾನ್ಯಾಕೆ ಕೇಳ್ಲಿ? ಕೊಡೋ ಬುದ್ಧಿ ಅವಳಿಗಿರ್ಬೇಕು.”

ಅದೇ ವಾರ ಸೇಲಾ ಪೇಟೆಯಿಂದ ಮೂರು ಕೆಂಪು ಕೋಳಿ ತಂದಳು. ತಂದವಳು ಅಂಗಳಕ್ಕೆ ಬಿಡಲಿಲ್ಲ. ಅಡುಗೆ ಗುಡಿಸಲಿನ ಹಿಂದೆ ಬೇರೆ ಗೂಡು, ಬೇರೆ ನೀರಿನ ಬಟ್ಟಲು. ಲೆಸಿಯೇಲಿ ಬೇಲಿಯ ಮೇಲಿಂದ ಇಣುಕಿ ನೋಡಿದಳು, ತಡೆಯಲಾಗಲಿಲ್ಲ, ಸೀದಾ ಒಳಗೇ ಬಂದಳು.

“ಏನೇ ಇದು, ಮಹಾರಾಣಿಯರಿಗೆ ಬೇರೆ ಅರಮನೆನಾ? ನಮ್ ಕೋಳಿ ಜೊತೆ ಓಡಾಡಿದ್ರೆ ಮೈಲಿಗೆ ಆಗುತ್ತಾ?”

“ಹಾಗಲ್ಲ ಅಕ್ಕ. ಹೊಸ ಕೋಳಿ ಒಳಗೆ ಯಾವ ರೋಗ ಇರುತ್ತೋ ಮೇಲ್ನೋಟಕ್ಕೆ ಗೊತ್ತಾಗಲ್ಲ. ಮೂರು ವಾರ ಬೇರೆ ಇಟ್ಟು ನೋಡ್ಬೇಕು. ಹೋದ ವರ್ಷ ಹಾಗೆ ಮಾಡ್ದೆ ತಾನೇ ನನ್ ಕೋಳಿ ಎಲ್ಲ ಸತ್ತಿದ್ದು? ಕೃಷಿ ಆಫೀಸಿನವರು ಆಮೇಲೆ ಹೇಳಿಕೊಟ್ರು.”

“ನಿನ್ ಕೋಳಿ ಸತ್ತಿದ್ದು ನಿನ್ ಕೈಗುಣಕ್ಕೆ. ಆ ದಪ್ಪಂದು ಚೆನ್ನಾಗಿದೆ. ನಂಗೆ ಬೇಕು.”

ನಮ್ಮಲ್ಲಿ ಅಕ್ಕ ಬಂದು ಬೇಕು ಎಂದರೆ ತಮ್ಮನ ಮನೆಯಲ್ಲಿ ಇಲ್ಲ ಎನ್ನುವ ಮಾತಿಲ್ಲ. ಚಾಪೆ ಇರಲಿ, ಹಂದಿ ಇರಲಿ, ಕೊಡಲೇಬೇಕು. ಸೇಲಾ ಮೆಲ್ಲಗೆ ಹೇಳಿದಳು: “ನಿಮ್ಮದೇ ಅಂತ ಇಟ್ಕೊಳ್ಳಿ ಅಕ್ಕ. ಮೂರು ವಾರ ಆಗ್ಲಿ, ನಾನೇ ತಂದು ಕೊಡ್ತೀನಿ.”

“ಅಷ್ಟರಲ್ಲಿ ಮೊಟ್ಟೆಯೆಲ್ಲ ನೀನು ತಿಂದು, ಪುಕ್ಕ ನಂಗೆ ಕೊಡ್ತೀಯಾ?”

ಸೇಲಾ ಗಂಡನ ಮುಖ ನೋಡಿದಳು. ಸೈಮೋನೆ ನೆಲ ನೋಡಿದ. ಅಕ್ಕನೆದುರು ಅವನು ಹುಟ್ಟಿದಾಗಿನಿಂದ ಬಾಯಿ ಬಿಟ್ಟವನಲ್ಲ. ಲೆಸಿಯೇಲಿ ಕೆಂಪು ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು, ಊರಿಗೆಲ್ಲ ಕಾಣಲಿ ಎಂದು ಸುತ್ತುದಾರಿಯಲ್ಲಿ ಮನೆಗೆ ಹೋದಳು. ಅಮ್ಮನ ಕೋಳಿಗಳ ನಡುವೆ ಬಿಟ್ಟಳು. ಎಲ್ಲಕ್ಕೂ ಒಂದೇ ನೀರಿನ ಬಟ್ಟಲು.

ಕೆಲವು ದಿನ ಕಳೆದಿತ್ತು. ಸೇಲಾ ಬೇಲಿಯ ಹತ್ತಿರ ಓಡಿ ಬಂದಳು. “ಅಕ್ಕ, ಇಲ್ಲಿರೋ ಒಂದು ಕೆಂಪು ಕೋಳಿಗೆ ಮುಖ ಊದಿದೆ, ಮೂಗು ಸುರೀತಿದೆ. ನಿಮ್ಮದನ್ನ ಈಗ್ಲೇ ಬೇರೆ ಮಾಡಿ, ಬಟ್ಟಲು ತೊಳೀರಿ.”

ಲೆಸಿಯೇಲಿ ನನ್ನ ಕಡೆ ತಿರುಗಿ ನಕ್ಕಳು. “ನೋಡ್ದೆಯಾ ನಾಟಕ? ಕೊಟ್ಟಿದ್ದಕ್ಕೆ ಹೊಟ್ಟೆ ಉರೀತಿದೆ, ವಾಪಸ್ ಬೇಕು.”

ಯಾರ ಹೊಟ್ಟೆ ಉರಿಯುತ್ತಿತ್ತು ಎಂದು ನನಗೆ ಗೊತ್ತಿತ್ತು.

ಆಮೇಲೆ ಅಮ್ಮನ ಕೋಳಿಗಳು ಒಂದೊಂದಾಗಿ ಮಂಕಾದವು. ಕಣ್ಣು ಮುಚ್ಚಿಕೊಂಡು, ಮುಖ ಊದಿ, ಮೂಲೆ ಹಿಡಿದವು. ಕೊನೆಯ ಚುಕ್ಕೆ ಕೋಳಿ ಲೆಸಿಯೇಲಿಯ ಮಡಿಲಲ್ಲೇ ಸತ್ತಿತು. ಕೆಂಪು ಕೋಳಿಯೂ ಹೋಯಿತು, ಒಂದು ಹುಂಜ ಮಾತ್ರ ಚೇತರಿಸಿಕೊಂಡಿತು. ಕಲ್ಲುಗೋಡೆಯಂಥ ಹೆಂಗಸು, ಅಲೆ ಬಂದಾಗಲೂ ಅಳದವಳು, ಅವತ್ತು ಅಂಗಳದಲ್ಲಿ ಕೂತು ಅತ್ತಳು.

ಸೇಲಾ ಗುದ್ದಲಿ ಹಿಡಿದು ಬಂದಳು. ಹಂದಿ, ನಾಯಿ ಕೆದಕದಷ್ಟು ಆಳ ತೋಡಿ, ಸುಣ್ಣ ಹಾಕಿ ಹೂತಳು. ಲೆಸಿಯೇಲಿ ನೋಡುತ್ತಲೇ ಇದ್ದಳು.

“ನಿನ್ ಅಂಗಳದ ಕೋಳಿ ಒಂದೂ ಸಾಯ್ಲಿಲ್ಲ ಅಲ್ವಾ?” ಎಂದಳು. ಆಗಲೂ ಅವಳಿಗೆ ಅದೇ.

“ಇಲ್ಲ ಅಕ್ಕ. ಕೆಂಪಿನವು ಬೇರೆ ಇದ್ವಲ್ಲ, ರೋಗ ಕಂಡ್ಕೂಡ್ಲೇ ಎರಡನ್ನೂ ಕೊಯ್ದು ಹೂತೆ. ನೀವು ಒಂದನ್ನ ಒಯ್ದ ದಿನಾನೇ ಬೇಲಿ ಸಂದೂ ಮುಚ್ಚಿದೆ.” ಗುದ್ದಲಿಯ ಮಣ್ಣು ಒರೆಸುತ್ತಾ ಸೇಲಾ ಹೇಳಿದಳು: “ಬೇಲೀಲಿ ಸಿಕ್ಕಿದ ನಿಮ್ಮ ಮೊಟ್ಟೆ ನಾನು ಯಾರಿಗೂ ಕೊಟ್ಟಿರ್ಲಿಲ್ಲ. ಅತ್ತೆಯ ಕೋಳಿ ಅಂತ ನಂಗೂ ಗೊತ್ತಿಲ್ವಾ? ನನ್ ಕಾವು ಕೋಳಿ ಕೆಳಗೆ ಇಟ್ಟಿದ್ದೆ. ಮೊನ್ನೆ ಒಡೆದು ಮರಿ ಬಂದ್ವು.”

ಲೆಸಿಯೇಲಿ ಎದ್ದು ನಿಂತಳು. “ಎಲ್ಲಿ? ಕೊಡು, ನನ್ ಮರಿ ಕೊಡು.”

“ಇಲ್ಲ ಅಕ್ಕ.”

ನನ್ನ ಕೈಲಿದ್ದ ಚಾಪೆಯ ಎಳೆ ಜಾರಿತು. ಆ ಮನೆಯಲ್ಲಿ ಅಂಥ ಮಾತು ಯಾರೂ ಯಾವತ್ತೂ ಆಡಿರಲಿಲ್ಲ.

“ಉಳಿದ ಹುಂಜ ಚೆನ್ನಾಗಿ ಕಾಣುತ್ತೆ, ಆದ್ರೆ ರೋಗ ಅದರ ಒಳಗೇ ಇರುತ್ತೆ. ಅದು ಇರೋವರೆಗೂ ಮರಿ ಕೊಡಲ್ಲ. ಗೂಡು ತೊಳೆದು ಬಿಸಿಲಿಗೆ ಬಿಡಿ. ಮರಿ ದೊಡ್ಡದಾಗ್ಲಿ, ಅಂಗಳ ಖಾಲಿ ಇರ್ಲಿ. ಆಮೇಲೆ ಎಲ್ಲಾ ನಿಮ್ಮದೇ.”

ಲೆಸಿಯೇಲಿ ಬೇಲಿಯ ಕಡೆ ಹೆಜ್ಜೆ ಇಟ್ಟಳು. ಬೇಲಿಯಾಚೆ ನಿಂತಿದ್ದ ತಮ್ಮನ ಕಡೆ ನೋಡಿದಳು. ಸೈಮೋನೆ ಈ ಸಲ ನೆಲ ನೋಡಲಿಲ್ಲ. “ಅವಳು ಹೇಳಿದ ಹಾಗೆ ಮಾಡು ಅಕ್ಕ. ಅಮ್ಮಂದು ಅಂತ ಉಳಿದಿರೋದು ಅಷ್ಟೇ” ಎಂದ.

ಹುಂಜವನ್ನು ಲೆಸಿಯೇಲಿ ತಾನೇ ಕೊಯ್ದಳು. ಬಟ್ಟಲು, ಗೂಡು ಎಲ್ಲ ಉಜ್ಜಿ ತೊಳೆದಳು. ಆಮೇಲೆ ದಿನವೂ ಸಂಜೆ ಬೇಲಿಯ ಆಚೆ ನಿಂತು, ಸೇಲಾ ಸುರಿಯುವ ಕಾಯಿತುರಿಗೆ ಚುಕ್ಕೆ ಮರಿಗಳು ಓಡಿ ಬರುವುದನ್ನು ನೋಡುತ್ತಿದ್ದಳು.

“ಇನ್ನೂ ಆಗ್ಲಿಲ್ವೇನೇ?”

“ಇನ್ನೂ ಇಲ್ಲ ಅಕ್ಕ.”

“ನಿನ್ ಕೈಯಲ್ಲಿ ಎಷ್ಟು ದುಂಡಗಾಗಿವೆ ನೋಡು, ದರಿದ್ರದವು,” ಎಂದು ಗೊಣಗುತ್ತಾ ಹೋಗುತ್ತಿದ್ದಳು. ಬೇಲಿ ಮಾತ್ರ ದಾಟಲಿಲ್ಲ.

ಈಗ ಅಮ್ಮನ ಕೋಳಿಗಳು ಮತ್ತೆ ಲೆಸಿಯೇಲಿಯ ಅಂಗಳದಲ್ಲಿವೆ. ಅವಳ ಹೊಟ್ಟೆಕಿಚ್ಚು ಹೋಯಿತು ಎಂದು ನಾನು ಹೇಳುವುದಿಲ್ಲ. ಕಳೆದ ಭಾನುವಾರವೂ ಪಾದ್ರಿಯ ಹೆಂಡತಿಗೆ ಸೇಲಾಳಿಗಿಂತ ಮೊದಲು ಮೊಟ್ಟೆ ಮುಟ್ಟಿಸಿದಳು.

ನೀವೂ ಅಸೂಯೆ ಪಡಿ, ಬೇಡ ಅನ್ನುವುದಿಲ್ಲ. ಆದರೆ ಹೊಸ ಕೋಳಿ ಬಂದರೆ ಮೂರು ವಾರ ಬೇರೆ ಗೂಡಿನಲ್ಲಿಡಿ, ಬೇರೆ ನೀರು ಕೊಡಿ. ಮೊದಲು ಹಳೆಯ ಕೋಳಿಗೆ ಕಾಳು ಹಾಕಿ, ಆಮೇಲೆ ಹೊಸದಕ್ಕೆ, ಕೊನೆಗೆ ಕೈಕಾಲು ತೊಳೆಯಿರಿ. ಸತ್ತದ್ದನ್ನು ಪೊದೆಗೆ ಎಸೆಯಬೇಡಿ, ಆಳವಾಗಿ ಹೂಳಿ. ಆ ಮೂರು ವಾರದೊಳಗೆ ಕೇಳಲು ಬಂದವಳು ನಿಮ್ಮ ಗಂಡನ ಅಕ್ಕನೇ ಆದರೂ, ಸೇಲಾಳ ಹಾಗೆ ಮೆಲ್ಲಗೆ ಹೇಳಿ: ಇನ್ನೂ ಇಲ್ಲ ಅಕ್ಕ.