ಉಬ್ಬರದ ಎರಡು ತಾಸು

ಅತ್ತಿಗೆ ಅಕ್ಕನ ಎಡಗಾಲಿನ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದರು. ಲೇಸು ಬಿಚ್ಚಿ ಪಕ್ಕಕ್ಕೆ ಎಸೆದಾಗಿತ್ತು. ಬೂಟಿನ ನಾಲಿಗೆಯನ್ನು ಹೊರಗೆ ಎಳೆದಾಗಿತ್ತು. ಆದರೆ ಅದು ಜಪ್ಪಯ್ಯ ಅಂದರೂ ಕದಲಲಿಲ್ಲ. ಒಳಗೆ ಪಾದ ಊದಿಕೊಂಡಿತ್ತು.

“ಏನು ಹೆಂಗಸಪ್ಪಾ, ಸತ್ತ ಮೇಲೂ ಹಟ ಬಿಡಲ್ಲ,” ಎಂದು ಅತ್ತಿಗೆ ಹಣೆ ಒರೆಸಿಕೊಂಡರು. “ನಿನ್ನ ಕತ್ತರಿ ತಗೊಂಡು ಬಾರೇ. ಕತ್ತರಿಸಿ ತೆಗೆದುಬಿಡೋಣ.”

ಕತ್ತರಿ ಕೆಳಗೆ ಅಂಗಡಿಯಲ್ಲಿತ್ತು. ತಂಗಿ ಹರಿದದ್ದು ಹೊಲಿದು, ಬಿಗಿಯಾದದ್ದು ಸಡಿಲ ಮಾಡಿ ಬದುಕಿದ ದರ್ಜಿ. ಚರ್ಮ ಕತ್ತರಿಸುವುದೇನೂ ಅವಳಿಗೆ ಕಷ್ಟವಲ್ಲ. ಅವಳು ಎದ್ದಳು, ಬಾಗಿಲ ತನಕ ಹೋದಳು, ತಿರುಗಿ ಬಂದಳು. ಮೂಲೆಯಲ್ಲಿ ಬಿದ್ದಿದ್ದ ಲೇಸು ಹೆಕ್ಕಿಕೊಂಡು ಅಕ್ಕನ ಕಾಲ ಬಳಿ ಕುಳಿತು, ಒಂದೊಂದೇ ತೂತಿಗೆ ಪೋಣಿಸತೊಡಗಿದಳು.

“ಏನೇ ಮಾಡ್ತಿದ್ದೀಯ?”

“ಕಟ್ಟುತ್ತಿದ್ದೀನಿ ಅತ್ತಿಗೆ. ಇದರಲ್ಲೇ ಹೋಗಲಿ.”

“ಬೂಟು ಹಾಕಿ ಕಳಿಸ್ತಾರೇನೇ ಯಾರಾದರೂ? ನೋಡಿದವರು ನಗಲ್ವಾ?”

“ನಗಲಿ ಬಿಡಿ. ಅವಳಿದ್ದಾಗಲೂ ನಗ್ತಾ ಇದ್ದರಲ್ಲ.”

ಎರಡು ತಿಂಗಳ ಹಿಂದೆ ಕೊಂಡ ಬೂಟುಗಳವು. ಕೆಸರಿನಲ್ಲಿ ನಡೆಯಲಿಕ್ಕೆ. ಹೊಸ ಬೂಟು ಹಾಕಿಕೊಂಡು ಹೊರದೇಶಕ್ಕೆ ಹೋದರೆ ಹಿಮ್ಮಡಿ ಸುಲಿಯುತ್ತದೆಂದು ಅಕ್ಕ ಅವನ್ನು ಪಳಗಿಸುತ್ತಿದ್ದಳು. ದಿನಕ್ಕೆ ಎರಡು ಸಲ ನಾಲ್ಕು ಮಹಡಿ ಹತ್ತುವುದು, ಎರಡು ಸಲ ಇಳಿಯುವುದು. ಅವರ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ನಿನ್ನೆ ಬೆಳಿಗ್ಗೆ ಮೂರನೇ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ನಿಂತವಳು ಹಾಗೇ ಕುಸಿದು ಕುಳಿತಿದ್ದಳು. ಮೇಲಿನ ಮನೆಯವರು ಬಂದು ಮಾತಾಡಿಸಿದಾಗ ಉತ್ತರವಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ದೊಡ್ಡಾಸ್ಪತ್ರೆಯವರು ಬರತೊಡಗಿದರು. ಬಟ್ಟೆ ಒಗೆಯುವವರು, ಗಾಲಿಮಂಚ ತಳ್ಳುವವರು, ನಿವೃತ್ತರಾದ ನರ್ಸುಗಳು. ಅಕ್ಕನ ನಿಜವಾದ ಹೆಸರು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವಳು ಲಿಫ್ಟಮ್ಮ. ಮೂವತ್ತೊಂದು ವರ್ಷ ಆಸ್ಪತ್ರೆಯ ಲಿಫ್ಟಿನೊಳಗೆ ಮರದ ಸ್ಟೂಲಿನ ಮೇಲೆ ಕುಳಿತು ಗುಂಡಿ ಒತ್ತಿದವಳು.

“ಜೀವನವಿಡೀ ಲಿಫ್ಟಲ್ಲಿದ್ದು ಕೊನೆಗೆ ಮೆಟ್ಟಿಲ ಮೇಲೆ ಹೋದಳಲ್ಲ,” ಎಂದರು ಒಬ್ಬ ಮುದಿ ನರ್ಸು, ಬೂಟುಗಳನ್ನೇ ನೋಡುತ್ತ. “ನಿವೃತ್ತಿ ದಿನ ನಮಗೆ ಏನು ಹೇಳಿದಳು ಗೊತ್ತಾ? ‘ದಿನಕ್ಕೆ ಇನ್ನೂರು ಸಲ ಮೇಲೆ ಹೋಗಿ ಬಂದವಳು ನಾನು, ನನಗೇನು ಮೇಲೆ ಹೋಗೋ ಭಯ? ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಮುಂದಕ್ಕೆ ಹೋಗಲಿಲ್ಲ, ಅದೊಂದೇ ಉರಿ’ ಅಂದಳು.”

ಗೋಡೆಗೊರಗಿ ಕುಳಿತವರು ನಕ್ಕರು. ನಕ್ಕಿದ್ದಕ್ಕೆ ನಾಚಿ ತಲೆ ತಗ್ಗಿಸಿದರು. “ಒಂದ್ಸಲ ಡೈರೆಕ್ಟರ್ ಮುಖದ ಮೇಲೇ ಬಾಗಿಲು ಹಾಕಿದಳಲ್ಲ,” ಎಂದು ಯಾರೋ ನೆನಪಿಸಿದರು. ಆ ಮೇಲೆ ನಗು ತಡೆಯುವುದು ಯಾರಿಂದಲೂ ಆಗಲಿಲ್ಲ.

*

ಲಿಫ್ಟಮ್ಮನಿಗೆ ಆಗ ನಲವತ್ತೆಂಟು. ಆಸ್ಪತ್ರೆ ನೋಡಲು ಯಾರೋ ದೊಡ್ಡ ಮನುಷ್ಯರು ಬಂದಿದ್ದರು. ಡೈರೆಕ್ಟರು ಅವರನ್ನು ಕರೆದುಕೊಂಡು ಲಿಫ್ಟಿನ ಮುಂದೆ ಬಂದು ನಿಂತ. ಅದೇ ಹೊತ್ತಿಗೆ ಗಾಲಿಮಂಚದ ಮೇಲೆ ಒಬ್ಬ ಬಸುರಿಯನ್ನು ತಂದರು. “ಅದು ಮುಂದಿನ ಸಲ ಬರಲಿ,” ಎಂದು ಡೈರೆಕ್ಟರು ಒಳಗೆ ಕಾಲಿಡಲು ಹೋದ. ಲಿಫ್ಟಮ್ಮ ಸ್ಟೂಲಿನಿಂದ ಎದ್ದು ಅವನಿಗೆ ಅಡ್ಡ ನಿಂತಳು. ಗಾಲಿಮಂಚವನ್ನು ಒಳಗೆ ಎಳೆದುಕೊಂಡಳು. “ನೀವು ಕಾಯಬಹುದು ಸಾರ್, ಮಗು ಕಾಯಲ್ಲ,” ಎಂದು ಜಾಲರಿ ಬಾಗಿಲು ಎಳೆದಳು.

ಹದಿನೈದು ದಿನ ಕೆಲಸದಿಂದ ಹೊರಗಿಟ್ಟರು. ಬೇರೆಯವರಾಗಿದ್ದರೆ ಮನೆಯಲ್ಲಿ ಕೂತು ಅಳುತ್ತಿದ್ದರು. ಇವಳು ಎಂದಿನಂತೆ ಸಮವಸ್ತ್ರ ತೊಟ್ಟು, ಎಂದಿನ ಹೊತ್ತಿಗೆ ಹೊರಟು, ಡೈರೆಕ್ಟರ ಕಿಟಕಿಗೆ ಸರಿಯಾಗಿ ಕಾಣುವ ಹಾಗೆ ಆಸ್ಪತ್ರೆಯ ಹಿಂದಿನ ಮೋಟು ಗೋಡೆಯ ಮೇಲೆ ಹೋಗಿ ಕುಳಿತಳು. ಮೊದಲ ಎರಡು ದಿನ ಕಿಟಕಿಯನ್ನೇ ದಿಟ್ಟಿಸಿದಳು. ಮೂರನೇ ದಿನ ಬೆನ್ನು ಬಿಸಿಲಿಗೆ ಸುಟ್ಟು, ಗೋಡೆಯ ಆಚೆ ಕಡೆಗೆ ತಿರುಗಿ ಕುಳಿತಳು. ಆ ಕಡೆ ಊರಿನ ಕೊಳಚೆ ಕಾಲುವೆ.

ಹದಿನೈದನೇ ದಿನ ಸಂಜೆ ತಂಗಿಯ ಅಂಗಡಿಗೆ ಬಂದು, ಹೊಲಿಗೆ ಯಂತ್ರದ ಚಕ್ರ ಕೈಯಲ್ಲಿ ಹಿಡಿದು ನಿಲ್ಲಿಸಿದಳು.

“ಹನ್ನೊಂದು ಥರ ಇವೆ ಕಣೇ.”

“ಏನು ಹನ್ನೊಂದು?”

“ಹಕ್ಕಿ. ಒಂದಕ್ಕೆ ಬಾಲ ನಿಲ್ಲೋದೇ ಇಲ್ಲ. ಒಂದಕ್ಕೆ ನಿನ್ನ ಸೂಜಿಯಷ್ಟು ಸಣ್ಣ ಕೊಕ್ಕು. ನನ್ನ ಸ್ಟೂಲಿನಿಂದ ಮೂವತ್ತೇ ಅಡಿ. ನಡುವೆ ಒಂದು ಗೋಡೆ, ಅಷ್ಟೇ. ಹದಿನೇಳು ವರ್ಷ ನಾನು ಗೋಡೆ ನೋಡ್ತಾ ಕೂತಿದ್ದೆ.”

ತಂಗಿಗೆ ಕಾಗೆ ಗುಬ್ಬಿ ಬಿಟ್ಟರೆ ಮೂರನೆಯ ಹಕ್ಕಿ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. “ಚಕ್ರ ಬಿಡು, ನಾಳೆ ಕೊಡಬೇಕಾದ ಬಟ್ಟೆ,” ಎಂದಳು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ರಜೆ ಸಿಕ್ಕರೆ ಕೆರೆ, ರಜೆ ಸಿಗದಿದ್ದರೆ ಕಾಲುವೆ. ನಿವೃತ್ತಿಯಾದ ಮೇಲೆ ಒಂದು ದಿನ ಗ್ರಂಥಾಲಯದ ಪುಸ್ತಕದಲ್ಲಿ ಒಂದು ಚಿತ್ರ ಕಂಡಳು. ಗುಬ್ಬಚ್ಚಿಗಿಂತ ಒಂಚೂರು ದೊಡ್ಡ ಹಕ್ಕಿ, ಕೊಕ್ಕಿನ ತುದಿ ಮಾತ್ರ ಚಪ್ಪಟೆ ಚಮಚ. ಕೆಸರನ್ನು ಆ ಚಮಚದಿಂದ ಕದಡುತ್ತ ತಿನ್ನುತ್ತದಂತೆ. ಇಡೀ ಲೋಕದಲ್ಲಿ ಕೆಲವೇ ನೂರು ಉಳಿದಿವೆಯಂತೆ. ಅವು ಬಂದಿಳಿಯುವ ಕಡಲತೀರ ಬೇರೆ ದೇಶದ್ದು. ಅಲ್ಲಿ ಕಪ್ಪೆಚಿಪ್ಪು ಆರಿಸುವ ಹೆಂಗಸೊಬ್ಬಳು ಬಂದವರಿಗೆ ಹಕ್ಕಿ ತೋರಿಸುತ್ತಾಳೆಂದು ತಿಳಿದು ಅಕ್ಕ ಅವಳಿಗೆ ಕಾಗದ ಬರೆದಳು. ಕಾಲೇಜು ಮೇಷ್ಟರ ಕೈಕಾಲು ಹಿಡಿದು ಅದನ್ನು ಆ ಭಾಷೆಗೆ ಮಾಡಿಸಿದಳು. ಉತ್ತರ ಬಂತು. ಈ ತಿಂಗಳ ಹದಿನೆಂಟಕ್ಕೆ ದೊಡ್ಡ ಉಬ್ಬರ. ನೀರು ಏರುತ್ತ ಹಕ್ಕಿಗಳನ್ನು ದಡದ ಹತ್ತಿರಕ್ಕೆ ತಳ್ಳುತ್ತದೆ. ಎರಡು ತಾಸು ಕಾಣುತ್ತವೆ, ಆಮೇಲೆ ಇಳಿಯುವ ನೀರಿನ ಜೊತೆ ದೂರ ಸರಿದು ಬರೀ ಚುಕ್ಕಿ.

ಪಾಸ್‌ಪೋರ್ಟು ಕಚೇರಿಯ ಗುಮಾಸ್ತ ಸಾಸಿವೆಯಷ್ಟೂ ನಗದೆ ಕೇಳಿದ: “ಪ್ರಯಾಣದ ಉದ್ದೇಶ?”

“ಚಮಚದ ಕೊಕ್ಕಿನ ಹಕ್ಕಿ.”

“ಪ್ರವಾಸ ಅಂತ ಬರ್ಕೊಳ್ತೀನಿ.”

“ಬೇಡ. ಹಕ್ಕಿ ಅಂತಲೇ ಬರೀರಿ. ಸುಳ್ಳು ಯಾಕೆ?”

*

ಅಣ್ಣ ಬೆಳಗಿನಿಂದ ಹೇಳಬೇಕೆಂದಿದ್ದದ್ದನ್ನು ಹನ್ನೊಂದೂವರೆಗೆ ಹೇಳಿದ. ಅವನು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತನಾದವನು. ಮಾತನ್ನೂ ತೂಗಿಯೇ ಆಡುತ್ತಿದ್ದ. ತಕ್ಕಡಿ ಮಾತ್ರ ಸದಾ ತನ್ನ ಕಡೆಗೇ ವಾಲಿರುತ್ತಿತ್ತು.

“ನಿಮ್ಮಿಬ್ಬರ ಆ ಟಿಕೆಟ್ಟು ರದ್ದು ಮಾಡೋಕೆ ಹೇಳಿದೆಯಾ?”

“ಇಲ್ಲ.”

“ಇವತ್ತೇ ಹೇಳು. ಈ ವಯಸ್ಸಲ್ಲಿ ಹಕ್ಕಿ ನೋಡೋಕೆ ಹೊರದೇಶ ಅಂದಾಗಲೇ ನಾನು ಬಡ್ಕೊಂಡೆ. ಇಲ್ಲಿ ಕಾಗೆಗೆ ಬರವಾ?”

ತಂಗಿ ಉತ್ತರ ಕೊಡುವಷ್ಟರಲ್ಲಿ ಆಸ್ಪತ್ರೆಯ ಹೃದಯದ ಡಾಕ್ಟರು ಒಳಗೆ ಬಂದರು. ವಯಸ್ಸಾದ ಮನುಷ್ಯ. ನಾಲ್ಕು ಮಹಡಿ ಹತ್ತಿ ಅವರಿಗೇ ಏದುಸಿರು. ಅಕ್ಕನ ಮುಖ ನೋಡಿದರು, ಬೂಟು ನೋಡಿದರು, ಕನ್ನಡಕ ತೆಗೆದರು.

“ಹೇಳಿದ್ದೆ ನಾನು,” ಎಂದರು ಮೆಲ್ಲಗೆ. “ಹೃದಯದ ಕವಾಟ ಕೆಟ್ಟಿದೆ, ಮೆಟ್ಟಿಲು ಹತ್ತಬೇಡಮ್ಮ, ವಿಮಾನ ಬೇಡಮ್ಮ ಅಂತ ಕೈಮುಗಿದು ಹೇಳಿದ್ದೆ.”

ಅಣ್ಣ ತಂಗಿಯ ಕಡೆ ತಿರುಗಿದ.

“ನಿನಗೆ ಗೊತ್ತಿತ್ತಾ?”

ಇಲ್ಲವೆಂದರೆ ಮುಗಿಯುತ್ತಿತ್ತು. ಅಲ್ಲಿದ್ದವರೆಲ್ಲ ಅವಳನ್ನು ತಬ್ಬಿಕೊಂಡು ಅಳುತ್ತಿದ್ದರು.

“ಗೊತ್ತಿತ್ತು,” ಎಂದಳು ತಂಗಿ.

*

ಮೂರು ವಾರದ ಹಿಂದಿನ ಮಾತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಕ್ಕ ನಕ್ಷೆ ಹರಡಿ ನಾಲ್ಕು ಮೂಲೆಗೂ ಗುಂಡುಪಿನ್ನು ಚುಚ್ಚಿದ್ದಳು. ವಿಮಾನ ಇಳಿದು ರೈಲು, ರೈಲು ಇಳಿದು ಬಸ್ಸು, ಬಸ್ಸು ಇಳಿದು ಕಾಲ್ನಡಿಗೆ. ಸೀಮೆಸುಣ್ಣದ ಚೂರಿನಿಂದ ದಾರಿ ಗೀಚುತ್ತಲೇ ಡಾಕ್ಟರ ಮಾತನ್ನೂ ಹೇಳಿದಳು, ಹವಾಮಾನ ಹೇಳುವಷ್ಟೇ ಸಲೀಸಾಗಿ.

“ಆಪರೇಷನ್ ಮಾಡಿಸಿಕೊಂಡರೆ?” ಎಂದಳು ತಂಗಿ.

“ಮಾಡಿಸಬಹುದು. ಆದರೆ ಆಪರೇಷನ್ನಿಗೆ ಅಂತ ನಾನು ಆಸ್ಪತ್ರೆಯ ನಾಲ್ಕನೇ ಮಹಡಿಗೆ ಬಿಟ್ಟುಬಂದವರಲ್ಲಿ ಯಾರು ವಾಪಸು ಮನೆಗೆ ಹೋದರು, ಯಾರನ್ನ ನಾನೇ ನೆಲಮಾಳಿಗೆಯ ಶವಾಗಾರಕ್ಕೆ ಇಳಿಸಿದೆ ಅನ್ನೋದು ನನಗೆ ಗೊತ್ತು ಕಣೇ. ಬದುಕಿದರೂ ಆರು ತಿಂಗಳು ಮಲಗಬೇಕು. ನೋಡಿ ಬಂದು ಮಲಗ್ತೀನಿ.”

ತಂಗಿಯ ಒಳಗೆ ಆಗ ಒಂದು ಸಣ್ಣ ಸಮಾಧಾನ ಮಿಸುಕಾಡಿತು. ಅದನ್ನು ಅವಳು ಯಾರಿಗೂ ಹೇಳಿಲ್ಲ. ಈ ಪ್ರಯಾಣ ಅವಳಿಗೆ ಬೇಕಿರಲಿಲ್ಲ. ವಿಮಾನದ ಭಯ, ಭಾಷೆ ಬಾರದ ಊರಿನ ಭಯ, ಕೆಸರಿನ ಭಯ. ಅಕ್ಕ ಕರೆದಳೆಂದು ಹೂಂ ಅಂದಿದ್ದಳೇ ಹೊರತು ಬೇರೇನಿಲ್ಲ. ಈಗ ‘ಬೇಡ ಅಕ್ಕ, ನನ್ನಾಣೆ’ ಎಂದು ಒಂದು ಮಾತು ಹೇಳಿ ಕಣ್ಣಲ್ಲಿ ನೀರು ತಂದರೆ ಸಾಕು, ಅಕ್ಕ ನಿಲ್ಲುತ್ತಾಳೆ. ಡೈರೆಕ್ಟರಿಗೆ ಬಗ್ಗದವಳು ತಂಗಿಯ ಕಣ್ಣೀರಿಗೆ ಬಗ್ಗುತ್ತಾಳೆ. ಅದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಸೀಮೆಸುಣ್ಣ ಕೆಳಗಿಟ್ಟು, ಎರಡೂ ಕೈ ಮೇಜಿನ ಮೇಲೂರಿ, ಶಿಕ್ಷೆ ಕಾಯುವವಳ ಹಾಗೆ ಅವಳನ್ನೇ ನೋಡುತ್ತ ನಿಂತಿದ್ದಳು.

ತಂಗಿ ಕೊರಳಿನ ಅಳತೆಪಟ್ಟಿ ತೆಗೆದಳು.

“ಕೈ ಎತ್ತು.”

“ಯಾಕೆ?”

“ಕಡಲ ಗಾಳಿ ಚಳಿ ಇರುತ್ತಂತಲ್ಲ. ಕೋಟು ಬೇಕಲ್ಲ ನಿನಗೆ. ಜೇಬು ಎಷ್ಟಿಡಲಿ?”

ಅಕ್ಕ ಕೈ ಎತ್ತಿದಳು. “ಎಂಟು,” ಎಂದಳು.

*

“ಹಾಗಾದರೆ ನೀನೇ ಕೊಂದೆ ಅವಳನ್ನ,” ಎಂದ ಅಣ್ಣ.

“ರೀ,” ಎಂದು ಅತ್ತಿಗೆ ಅವನ ತೋಳು ಹಿಡಿದರು.

ತಂಗಿ ಅಕ್ಕನ ಬೂಟಿನ ಬಳಿ ಹೋಗಿ ನಿಂತಳು.

“ಅವಳು ಎಲ್ಲಿ ಸತ್ತಳು ಅಣ್ಣ? ಹಾಸಿಗೆಯಲ್ಲಾ? ಮೂರನೇ ಮಹಡಿ ಮುಗಿಸಿ ನಾಲ್ಕನೇದಕ್ಕೆ ಕಾಲಿಟ್ಟಿದ್ದಳು. ಮಲಗಿಸೋದು ನನ್ನ ಕೈಯಲ್ಲಿತ್ತು. ಮಲಗಿಸಲಿಲ್ಲ. ಅದನ್ನ ಕೊಂದದ್ದು ಅಂತ ಕರೀತೀಯಾ, ಕರಿ.” ಉಸಿರೆಳೆದುಕೊಂಡಳು. “ಇನ್ನು ಟಿಕೆಟ್ಟಿನ ಮಾತು. ಅವಳದು ರದ್ದಾಗುತ್ತೆ. ನನ್ನದಿಲ್ಲ. ಹದಿನಾರಕ್ಕೆ ನಾನು ಹೊರಡ್ತೀನಿ.”

ಇದನ್ನು ಹೇಳುವ ತನಕ ಅವಳಿಗೂ ಅದು ಗೊತ್ತಿರಲಿಲ್ಲ. ಹೇಳಿದ ಮೇಲೆ ಮಾತ್ರ ಅದು ಎಷ್ಟೋ ದಿನದ ಹಿಂದೆಯೇ ನಿರ್ಧಾರವಾದದ್ದರಂತೆ ಗಟ್ಟಿಯಾಗಿ ಕುಳಿತಿತು.

“ಅಕ್ಕ ಸತ್ತು ಹತ್ತು ದಿನ ಆಗಿರಲ್ಲ, ಇವಳು ಹಕ್ಕಿ ನೋಡೋಕೆ ಹೋಗ್ತಾಳಂತೆ,” ಎಂದು ಅಣ್ಣ ಸುತ್ತ ನೋಡಿ ಸಾಕ್ಷಿ ಕೇಳಿದ. ಕೆಲವರು ತಲೆಯಾಡಿಸಿದರು.

ಅತ್ತಿಗೆ ಕೆಟ್ಟವರಲ್ಲ. ಮುಂದೆ ಬಂದು, ಎಲ್ಲರಿಗೂ ಕೇಳುವಂತೆ, ಆದರೆ ಮೃದುವಾಗಿ ಹೇಳಿದರು: “ಹಾಗಲ್ಲ ಕಣ್ರೀ. ಕೊನೇ ಆಸೆ ಅಂತ ಏನಾದರೂ ಹೇಳಿರಬೇಕು ಅವಳು. ಅಲ್ವೇನೇ? ‘ನಾನಿಲ್ಲದಿದ್ದರೆ ನೀನು ಹೋಗಿ ಬಾ’ ಅಂತ? ಹಾಗಿದ್ದರೆ ಬೇರೆ ಮಾತು. ಸತ್ತವರ ಮಾತು ನಡೆಸಬೇಕಾದದ್ದೇ.”

ಕೋಣೆಯಲ್ಲಿ ಎಲ್ಲರ ಮುಖವೂ ಸಡಿಲವಾಯಿತು. ಅಣ್ಣನದೂ. ಅವನು ಕೂಡ ಆ ಒಂದು ಹೂಂಗಾಗಿ ಕಾಯುತ್ತಿರುವುದು ಅವಳಿಗೆ ಕಂಡಿತು.

“ಇಲ್ಲ ಅತ್ತಿಗೆ,” ಎಂದಳು ತಂಗಿ. “ಅವಳು ಅಂಥದ್ದೇನೂ ಹೇಳಲಿಲ್ಲ. ಸಾಯ್ತೀನಿ ಅಂತಲೇ ಅಂದುಕೊಂಡಿರಲಿಲ್ಲ ಅವಳು. ಇದು ನನ್ನ ಆಸೆ. ನಾನು ನೋಡಬೇಕು.”

“ನಿನಗೆ ಹಕ್ಕಿ ಅಂದ್ರೇನು ಅಂತಲೇ ಗೊತ್ತಿಲ್ಲ,” ಎಂದ ಅಣ್ಣ.

“ಗೊತ್ತಿಲ್ಲ. ಅದಕ್ಕೇ ಹೋಗ್ತಿರೋದು.”

“ಹೋಗು. ಹೋದ ಮೇಲೆ ನನ್ನ ಮನೆ ಹೊಸ್ತಿಲು ತುಳೀಬೇಡ.”

ಅವಳಿಗೆ ಉಳಿದಿದ್ದ ರಕ್ತಸಂಬಂಧ ಅದೊಂದೇ. ತಂಗಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಅದೇ ಮೂಗು, ಅಕ್ಕನದೇ ಹುಬ್ಬು.

“ಆಯ್ತು,” ಎಂದಳು.

ಮುದಿ ನರ್ಸು ಗೋಡೆ ಹಿಡಿದು ಎದ್ದು ಬಂದು ತಂಗಿಯ ಪಕ್ಕ ನಿಂತರು.

ವಿದ್ಯುತ್ ಚಿತಾಗಾರದಲ್ಲಿ ಮಧ್ಯಾಹ್ನ ಒಂದು ಗಂಟೆಯ ಸರದಿ ಸಿಕ್ಕಿತ್ತು. ಬಿಳಿ ಬಟ್ಟೆ ಸರಿಸಿದ ಆಪರೇಟರು ಬೂಟು ನೋಡಿ ಹುಬ್ಬೇರಿಸಿದ.

“ಅಡಿ ರಬ್ಬರ್ರಾ? ರಬ್ಬರ್ ಹಾಕಬಾರದು ಅಂತ ಬೋರ್ಡ್ ಇದೆ ನೋಡಿ.”

“ಓದಿದೆ,” ಎಂದಳು ತಂಗಿ.

“ಹೊಗೆ ಬರುತ್ತಮ್ಮ.”

“ಬರಲಿ. ಮೂವತ್ತೊಂದು ವರ್ಷ ಜನರನ್ನ ಹತ್ತಿಸಿ ಇಳಿಸಿದವಳ ಕಾಲು ಅವು. ಒಂದಿಷ್ಟು ಹೊಗೆ ಬಂದರೆ ಆಕಾಶಕ್ಕೇನೂ ನಷ್ಟ ಇಲ್ಲ.”

ಅವನು ಅವಳ ಮುಖ ನೋಡಿದ. ಬೋರ್ಡಿನ ಕಡೆ ಬೆನ್ನು ತಿರುಗಿಸಿ ಬಾಗಿಲು ಎತ್ತಿದ.

ಹೊಗೆ ಬಂದೇ ಬಂತು. ಕಪ್ಪಗೆ, ದಪ್ಪಗೆ, ಚಿಮಣಿಯ ಬಾಯಿಂದ ನೆಟ್ಟಗೆ ಮೇಲೆ. ಅಂಗಳದಲ್ಲಿ ನಿಂತ ಆಸ್ಪತ್ರೆಯವರು ತಲೆಯೆತ್ತಿ ನೋಡಿದರು. ಅಣ್ಣ ಮೂಗಿಗೆ ಕರವಸ್ತ್ರ ಹಿಡಿದ. ಐದು ನಿಮಿಷದಲ್ಲಿ ಅದು ತೆಳುವಾಗಿ, ಕಾಣದಂತಾಯಿತು. ಬೂದಿ ನಾಳೆ ಬೆಳಿಗ್ಗೆ ಕೊಡುವುದೆಂದರು. ಜನ ಒಬ್ಬೊಬ್ಬರಾಗಿ ಹೊರಟರು. ಅಣ್ಣನೂ ಅತ್ತಿಗೆಯೂ ಗೇಟಿನ ಬಳಿ ಕಾರು ಹತ್ತಿದರು. ಏನೇ ಆದರೂ ತಂಗಿಯನ್ನು ಮನೆಗೆ ಬಿಡಬೇಕಲ್ಲ. ಕಾರು ಹೊರಡಲಿಲ್ಲ.

ತಂಗಿ ಹಿತ್ತಲ ಕಡೆ ಒಬ್ಬಳೇ ನಿಂತಿದ್ದಳು. ಅಲ್ಲಿಯ ಕಾಂಪೌಂಡು ಒಂದು ಕಡೆ ಕುಸಿದು ಮೊಣಕಾಲೆತ್ತರಕ್ಕೆ ಬಂದಿತ್ತು. ಕುಸಿದ ಇಟ್ಟಿಗೆಯ ಮೇಲೆ ಒಂದು ಸಣ್ಣ ಹಕ್ಕಿ ಬಂದು ಕುಳಿತಿತು. ಕಂದು ಬಣ್ಣ, ಎದೆಯ ಮೇಲೆ ಗೀಟು ಗೀಟು, ಕಣ್ಣಿನ ಮೇಲೆ ತೆಳ್ಳನೆಯ ಬಿಳಿ ಹುಬ್ಬು. ಕಾಗೆಯಲ್ಲ. ಗುಬ್ಬಿಯೂ ಅಲ್ಲ.

“ಅದು ಯಾವ ಹಕ್ಕಿ?” ಎಂದು ಬೀಡಿ ಸೇದಲು ಹೊರಬಂದ ಆಪರೇಟರನ್ನು ಕೇಳಿದಳು.

“ಅದಾ? ದಿನಾ ಬರುತ್ತೆ. ಹೆಸರು ಗೊತ್ತಿಲ್ಲ.”

ಗೇಟಿನ ಬಳಿ ಕಾರಿನ ಹಾರನ್ನು ಒಂದು ಸಲ ಕೂಗಿತು. ಹಕ್ಕಿ ಕತ್ತು ಕೊಂಕಿಸಿತು. ಎರಡನೇ ಸಲ ಕೂಗಿದಾಗ ಪುರ್ರನೆ ಹಾರಿ, ಗೋಡೆಯಾಚೆಯ ಬಯಲಲ್ಲಿ ಒಣಹುಲ್ಲಿನ ತುದಿಗೆ ಹೋಗಿ ಕುಳಿತು ತೂಗಾಡಿತು. ತಂಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು. ಗೋಡೆಯ ಮೇಲೆ ಮೊದಲು ಒಂದು ಕಾಲು ಹಾಕಿದಳು, ಸೊಂಟ ಹಿಡಿದುಕೊಂಡು ಇನ್ನೊಂದು ಕಾಲನ್ನೂ ದಾಟಿಸಿದಳು. ಬಾಗಿ, ಸಪ್ಪಳವಾಗದಂತೆ, ಸೊಂಟದೆತ್ತರದ ಹುಲ್ಲಿನೊಳಗೆ ಹೆಜ್ಜೆ ಹೆಜ್ಜೆಯಾಗಿ ನಡೆದಳು.

ಹಾರನ್ನು ಮೂರನೇ ಸಲ ಉದ್ದಕ್ಕೆ ಕೂಗಿತು. ಅವಳು ತಿರುಗಿ ನೋಡದೆ, ಹಕ್ಕಿಯಿಂದ ಕಣ್ಣು ತೆಗೆಯದೆ, ಖಾಲಿ ಕೈಯನ್ನು ಬೆನ್ನ ಹಿಂದಕ್ಕೆ ಚಾಚಿ, ಸುಮ್ಮನಿರಿ ಎಂದು ಅಂಗೈ ತೋರಿಸಿದಳು.