ಹೊರದಿಬ್ಬದ ಹದಿನೆಂಟು ಲೀಟರು

ಗಂಡನನ್ನು ಮಣ್ಣು ಮಾಡಿ ಐದು ದಿನವಾಗಿತ್ತು. ಸೋಮವಾರ ಬೆಳಿಗ್ಗೆ ಪಸೆಮೆತ ಮೀನುಗಾರರ ಸಂಘದ ಬಾಗಿಲು ತೆಗೆದು ಕಂಪ್ಯೂಟರ್ ಮುಂದೆ ಕೂತಳು. ಮನೆಯಲ್ಲಿದ್ದರೆ ಹೆಂಗಸರು ಬಂದು ಅಳುತ್ತಿದ್ದರು. ಅವಳಿಗೆ ಅಳು ಬರುತ್ತಿರಲಿಲ್ಲ.

ಕಡಲಲ್ಲಿ ಮೀನು ಹಿಡಿಯುವ ಹೊರದಿಬ್ಬದಿಂದ ಮರಳುವಾಗ ಗಂಡ ಸಕಾಯೊನ ದೋಣಿಯಲ್ಲಿ ಪೆಟ್ರೋಲು ಮುಗಿದಿತ್ತು. ಅಲೆಗಳು ದೋಣಿಯನ್ನು ಹವಳದ ಬಂಡೆಗೆ ಅಪ್ಪಳಿಸಿದ್ದವು. ಪೆಟ್ರೋಲು ಜಾಸ್ತಿ ಕುಡಿಯಿತೆಂದು ಊರೆಲ್ಲ ಎಂಜಿನನ್ನು ಬೈದಿತ್ತು.

ಯಾರಿಗೆ ಎಷ್ಟು ಪೆಟ್ರೋಲು ಬೇಕೆಂದು ಹೇಳುವ ಏಳು ಸಾಲಿನ ಪುಟ್ಟ ಪ್ರೋಗ್ರಾಂ, ಶೆಲ್ ಸ್ಕ್ರಿಪ್ಟ್, ಅವಳೇ ಬರೆದದ್ದು, ಸುವಾ ನಗರದಲ್ಲಿ ಓದು ಮುಗಿಸಿ ಬಂದ ವರ್ಷ. ಅದಕ್ಕೀಗ ಸಕಾಯೊನ ಅಂಕಿಗಳನ್ನು ಕೊಟ್ಟಳು. ಹೋಗಿಬರಲು ಹದಿನೇಳು ಮೈಲಿ, ಗಂಟೆಗೆ ಆರು ಮೈಲಿ, ಗಂಟೆಗೆ ಒಂಬತ್ತು ಲೀಟರು. ಹದಿನೆಂಟು ಎಂದು ಬಂತು.

ಕಾಗದದ ಮೇಲೆ ಮಾಡಿದಳು. ಇಪ್ಪತ್ತೈದೂವರೆ.

ಶೆಲ್‌ಗೆ ಪೂರ್ಣಾಂಕ ಮಾತ್ರ ಗೊತ್ತು, ಭಿನ್ನರಾಶಿಯನ್ನು ಬಿಟ್ಟುಬಿಡುತ್ತದೆ. ಅವಳು ಮೊದಲು ಭಾಗಿಸಿ ಆಮೇಲೆ ಗುಣಿಸಿದ್ದಳು. ಎರಡು ಗಂಟೆ ಐವತ್ತು ನಿಮಿಷದ ದಾರಿ ಬರೀ ಎರಡು ಗಂಟೆಯಾಗಿತ್ತು. ಇದುವರೆಗೆ ಹೆಚ್ಚಾಗಿ ಎಲ್ಲರೂ ಹೋಗುತ್ತಿದ್ದ ಹತ್ತಿರದ ದಿಬ್ಬ ಹೋಗಿಬರಲು ಹನ್ನೆರಡು ಮೈಲಿ, ಶೇಷವಿಲ್ಲದೆ ಭಾಗವಾಗುತ್ತಿತ್ತು. ಇಷ್ಟು ದಿನ ಯಾರಿಗೂ ತಿಳಿಯಲಿಲ್ಲ.

ಬಾಗಿಲಲ್ಲಿ ಗಂಡನ ಚಿಕ್ಕಪ್ಪ ತಾಫಿಯಾ ನಿಂತಿದ್ದ. "ಇವತ್ತೇ ಬಂದ್ಯಾ ತಾಯಿ? ನೋಡು, ನಿನ್ನ ಕಂಪ್ಯೂಟರ್ ಡಬ್ಬಿ ನನಗೆಷ್ಟು ಅನ್ನುತ್ತೆ? ಹೊರದಿಬ್ಬಕ್ಕೇ."

"ಸ್ವಲ್ಪ ತಡೀರಿ ಮಾವ."

ಮೊದಲು ಗುಣಿಸಿ, ಆಮೇಲೆ ಭಾಗಿಸಿ, ಬಿಟ್ಟುಹೋಗುವ ಭಾಗಕ್ಕೆಂದು ಒಂದು ಕೂಡಿಸಿದಳು. ಅರ್ಧ ನಿಮಿಷದ ಕೆಲಸ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಇಪ್ಪತ್ತಾರು."

"ಅಯ್ಯೋ, ಹೋದ ವಾರ ಹದಿನೆಂಟು ಅಂದಿತ್ತಲ್ಲೇ! ಎಲ್ಲರೂ ದೋಣಿ ಮೇಲೆ ಇದ್ದಿಲಲ್ಲಿ ಬರ್ಕೊಂಡಿದ್ದಾರೆ. ಬಿಡು, ನಾನಂತೂ ಜಾಸ್ತಿ ಒಂದು ಕ್ಯಾನ್ ಒಯ್ಯೋನೇ. 'ಮುದಿ ಏಡಿ, ನನ್ನ ಹೆಂಡ್ತಿ ಲೆಕ್ಕ ನಂಬಲ್ವಾ' ಅಂತ ನಿನ್ನ ಗಂಡ ಆಡ್ಕೊಳ್ತಿದ್ದ." ನಗುತ್ತಿದ್ದವನು ಗಂಭೀರನಾದ. "ಕೊನೇ ದಿನ ಬೈದು ಒಂದು ಕ್ಯಾನ್ ಕೈಗಿಟ್ಟಿದ್ದೆ. ಪಾಪ, ಅದೂ ಸಾಲಲಿಲ್ಲ ಅವನಿಗೆ."

ಪಸೆಮೆತ ಎದ್ದು ಮನೆಗೆ ನಡೆದಳು. ಅಡುಗೆ ಚಪ್ಪರದ ಹಿಂದೆ, ತೆಂಗಿನ ಗರಿಗಳ ಕೆಳಗೆ ಆ ಕ್ಯಾನ್ ತುಂಬಿದಂತೆಯೇ ಇತ್ತು. ಹತ್ತು ಲೀಟರು. ದಡಕ್ಕೆ ಹೊತ್ತು ತರುವಾಗ ಎರಡು ಸಲ ಇಳಿಸಿದಳು.

ದೋಣಿಗಳ ಹತ್ತಿರ ತಾಫಿಯಾ ಸೇರಿ ಏಳೆಂಟು ಮಂದಿ ಇದ್ದರು. ತಾಫಿಯಾನಿಗೇ ಹೇಳಿದಳು, ಆದರೆ ಎಲ್ಲರಿಗೂ ಕೇಳುವಂತೆ.

"ಅವರಿದನ್ನ ಒಯ್ಯಲಿಲ್ಲ ಮಾವ. ಹದಿನೆಂಟು ಸಾಕು ಅಂತ ಬಿಟ್ಟು ಹೋದರು. ಆ ಲೆಕ್ಕ ತಪ್ಪು. ನಾನೇ ತಪ್ಪು ಬರೆದಿದ್ದೆ. ದೋಣಿ ಮೇಲಿರೋದನ್ನ ಎಲ್ಲರೂ ಅಳಿಸಿ."

ಒಬ್ಬ ಅಂಗೈಯಿಂದ ಇದ್ದಿಲ ಗುರುತು ಉಜ್ಜತೊಡಗಿದ.

ಪಸೆಮೆತ ಕ್ಯಾನನ್ನು ಚಾಚಿ ಹಿಡಿದೇ ನಿಂತಳು, ತಾಫಿಯಾ ಎರಡೂ ಕೈಯಿಂದ ಅದನ್ನು ತೆಗೆದುಕೊಳ್ಳುವವರೆಗೆ.