ಕೊಡದ ನೀರು

ಭಗವಂತರಾಯನ ಎರಡೂ ಕಿಡ್ನಿ ಕೆಟ್ಟ ಮೇಲೆ ಗೋಗಿ ಊರಿನ ಅವನ ಮನೆಯಲ್ಲಿ ನೀರಿಗೆ ಅಳತೆ ಬಂದಿತ್ತು. ಮೂತ್ರ ನಿಂತುಹೋಗಿತ್ತು. ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತಿತ್ತು. ಶಹಾಪುರದ ಆಸ್ಪತ್ರೆಯ ಡಯಾಲಿಸಿಸ್ ಯಂತ್ರವೇ ಅದನ್ನು ಎಳೆದು ತೆಗೆಯಬೇಕಿತ್ತು. ದಿನಕ್ಕೊಂದು ಸಣ್ಣ ತಂಬಿಗೆ, ಅಷ್ಟೇ. ಅದನ್ನು ಹೆಂಡತಿ ರೇಣಮ್ಮ ಗುಟುಕು ಗುಟುಕಾಗಿ ಕೊಡುತ್ತಿದ್ದಳು.

ಬೇಸಿಗೆಯ ಒಂದು ಮಧ್ಯಾಹ್ನ ಅವಳು ಹೊಲದಿಂದ ಬಂದಾಗ ಅವನು ಕಟ್ಟೆಯ ಮೇಲೆ ಕುಳಿತು ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಪಾದಗಳು ಊದಿ ಹೊಳೆಯುತ್ತಿದ್ದವು. ಧೋತರದ ಅಂಚು ಒದ್ದೆಯಾಗಿತ್ತು.

"ಕೆನಾಲಿಗೆ ಹೋಗಿದ್ರೇನು?"

"ನಿನ್ನಿ ಭಜಿ ತಿಂದೆ. ಉಪ್ಪು ಭಾಳ ಇತ್ತು. ನಾಲಿಗಿ ಒಣಗಿ ಕಟ್ಟಿಗಿ ಆತು, ರೇಣಿ. ನಿನ್ನಿನೂ ಕುಡದೆ, ಇವತ್ತೂ ಕುಡದೆ. ತಡಕೊಳ್ಳಾಕ ಆಗಲಿಲ್ಲ."

ಬೈಯಲು ಅವಳಿಗೆ ಪುರುಸೊತ್ತಿರಲಿಲ್ಲ. ಓಡಿಹೋಗಿ ಖಾಜಾಹುಸೇನನ ಆಟೊ ತಂದಳು. ಅದರಲ್ಲಿ ಆಗಲೇ ಶಹಾಪುರಕ್ಕೆ ಹೊರಟ ಸಾಯಬಮ್ಮ ಎಂಬ ಮುದುಕಿ ಕುಳಿತಿದ್ದಳು.

"ಅಡ್ಡ ಮಲಗಸ್ರಿ ಅಕ್ಕ," ಎಂದ ಖಾಜಾಹುಸೇನ.

"ಬ್ಯಾಡ. ಮಲಗಿದ್ರ ಉಸಿರು ಕಟ್ತದ. ಕುಂದ್ರಸ್ರಿ, ಕಾಲು ಕೆಳಗ ಬಿಡ್ರಿ," ಎಂದಳು ರೇಣಮ್ಮ.

ಅರ್ಧ ದಾರಿಯಲ್ಲಿ ಅವನ ಎದೆಯೊಳಗೆ ಗುಳುಗುಳು ಸದ್ದು ಶುರುವಾಯಿತು. ಕೆಮ್ಮಿದಾಗ ಕೆಂಪು ಬೆರೆತ ನೊರೆ ಬಂತು. ತುಟಿ ನೀಲಿಗಟ್ಟಿತು. ಆದರೂ ಅವನು ಕೇಳಿದ್ದು ನೀರನ್ನೇ.

"ಒಂದು ಗುಟುಕು, ರೇಣಿ."

ಸಾಯಬಮ್ಮ ತನ್ನ ಬಾಟಲಿ ಮುಂದೆ ಹಿಡಿದಳು. ರೇಣಮ್ಮ ಕೈ ಅಡ್ಡ ಇಟ್ಟಳು.

"ಸಾಯೂ ಮನಷಾಗ ನೀರು ಕೊಡಂಗಿಲ್ಲೇನು? ಎಂಥಾ ಹೆಂಗಸು ನೀ?"

"ನೀರಿನಾಗೇ ಮುಳುಗ್ಯಾರಬೇ ಅವರು. ಇನ್ನ ಹ್ಯಾಂಗ ಕುಡಸ್ಲಿ?"

ಗಂಡ ರೇಣಮ್ಮನನ್ನು ದಿಟ್ಟಿಸಿ ನೋಡುತ್ತಿದ್ದ. ಈ ಆಟೊದಲ್ಲೇ ಇವರ ಉಸಿರು ನಿಂತರೆ? ಬಾಯಾರಿದವರನ್ನು ನಾನು ಹಾಗೇ ಕಳಿಸಿದೆ ಎಂದಾಗುತ್ತದೆ. ಆದರೂ ಅಡ್ಡ ಇಟ್ಟ ಕೈಯನ್ನು ಅವಳು ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಮುಖಕ್ಕೆ ಆಕ್ಸಿಜನ್ ಹಚ್ಚಿ ಯಂತ್ರಕ್ಕೆ ಜೋಡಿಸಿದರು. ಕೊಳವೆಯಲ್ಲಿ ರಕ್ತ ಸುತ್ತತೊಡಗಿತು. ಮೈಯ ನೀರು ಇಳಿದಂತೆ ಎದೆಯ ಸದ್ದೂ ಇಳಿಯಿತು. ಸಂಜೆಯ ಹೊತ್ತಿಗೆ ಅವನು ಮಾತಾಡಿದ.

"ನಿನ್ನ ಮ್ಯಾಲ ಭಾಳ ಸಿಟ್ಟು ಬಂದಿತ್ತು."

"ಗೊತ್ತದ. ನೀವು ನೋಡಿದ್ದು ಕಂಡೀನಿ."

"ಹೊರಗ ಹೋಗಿ ಏನರ ತಿನ್ನು. ಮುಂಜಾನಿಂದ ಉಪವಾಸ ಇದ್ದಿ."

ರೇಣಮ್ಮ ಹೊರಗೆ ಬಂದಳು. ಗೋಡೆಗೆ ಒರಗಿ ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು ತುಂಬ ಹೊತ್ತು ಅತ್ತಳು.